ಅನಾಥ ಸಂರಕ್ಷಣೆ: ಗಾಝಾದ ಮಗು ಮತ್ತು ನಮ್ಮ ಮನೆಯ ಮಗು

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಜಮಾಅತ್ ಪ್ರತಿನಿಧಿಗಳು ಹಾಗೂ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವಿಷಯವನ್ನು ನಾನು ಆಯ್ದುಕೊಂಡದ್ದಲ್ಲ. ಬೈಂದೂರು ಕಡೆಯ ಓರ್ವ ಸಹೋದರಿ ಫೋನಿನಲ್ಲಿ ಕೇಳಿದ ಪ್ರಶ್ನೆಯಿಂದ ಇದು ಆರಂಭವಾಯಿತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರಿಗೆ ಮಕ್ಕಳಿಲ್ಲ. "ಮೌಲಾನಾ, ಗಾಝಾದ ಒಂದು ಮಗುವನ್ನು ತಂದು ಸಾಕಬೇಕೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಯಾರನ್ನು ಕೇಳಬೇಕು?" ಎಂದರು. ಆ ಬಳಿಕ ಶಿರೂರಿನಲ್ಲಿ, ಗಂಗೊಳ್ಳಿಯಲ್ಲಿ, ಕಂಡ್ಲೂರಿನಲ್ಲಿ ಜುಮಾ ಮುಗಿಸಿ ಹೊರಬರುವಾಗ ಇದೇ ಪ್ರಶ್ನೆಯನ್ನು ಬೇರೆಯವರಿಂದಲೂ ಕೇಳಿದೆ. 2025ರ ಎಪ್ರಿಲ್‌ನಲ್ಲಿ ಫೆಲೆಸ್ತೀನ್‌ನ ಅಂಕಿಅಂಶ ಕಚೇರಿ ಕೊಟ್ಟ ಲೆಕ್ಕದ ಪ್ರಕಾರ, ಗಾಝಾದಲ್ಲಿ 39 ಸಾವಿರಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡಿದ್ದರು. ಅವರಲ್ಲಿ ಸುಮಾರು 17 ಸಾವಿರ ಮಕ್ಕಳಿಗೆ ಇಬ್ಬರೂ ಇರಲಿಲ್ಲ. ಆ ದೃಶ್ಯಗಳನ್ನು ನೋಡಿ ಒಂದು ಮಗುವನ್ನಾದರೂ ಎತ್ತಿಕೊಳ್ಳಬೇಕೆಂದು ಮನಸ್ಸು ಮಿಡಿಯದಿದ್ದರೆ ನಮ್ಮ ಈಮಾನಿನಲ್ಲೇ ಏನೋ ಕೊರತೆಯಿದೆ ಎನ್ನಬೇಕು. ಆದ್ದರಿಂದ ಆ ಸಹೋದರಿಯ ಪ್ರಶ್ನೆಯನ್ನು ನಾನು ಭಾವುಕತೆಯೆಂದು ತಳ್ಳಿಹಾಕಲಾರೆ.

ಆದರೆ ಉತ್ತರ ಕಹಿಯಾಗಿದೆ. ಕರಾವಳಿಯ ಒಂದು ಮನೆಯಲ್ಲಿ ಕುಳಿತು ಯುದ್ಧಭೂಮಿಯ ಮಗುವೊಂದನ್ನು ಗೊತ್ತುಮಾಡಿ ತರಿಸಿಕೊಳ್ಳುವ ದಾರಿಯಿಲ್ಲ. ಹಾಗೆ ದಾರಿಯಿದೆ ಎಂದು ಯಾರಾದರೂ ಮೊಬೈಲಿಗೆ ಸಂದೇಶ ಕಳುಹಿಸಿ ಹಣ ಕೇಳಿದರೆ ಆತ ವಂಚಕನೆಂದು ತಿಳಿಯಿರಿ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಇಂಡೋನೇಶ್ಯಾದ ಆಚೆಯಲ್ಲಿ ಇಂತಹದ್ದೇ ಸಂದೇಶಗಳು ಹರಿದಾಡಿದ್ದವು. ಆಗ ಅಲ್ಲಿನ ಸರಕಾರ ಹೆತ್ತವರಿಲ್ಲದ 16 ವರ್ಷದೊಳಗಿನ ಮಕ್ಕಳನ್ನು ಪ್ರಾಂತದಿಂದ ಹೊರಗೊಯ್ಯುವುದನ್ನೇ ನಿಷೇಧಿಸಿತು. ಅದು ಕಲ್ಲು ಹೃದಯದ ತೀರ್ಮಾನವಾಗಿರಲಿಲ್ಲ.

ಇನ್ನೊಂದು ಘಟನೆ ಕೇಳಿ. 2007ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಒಂದು ಸಂಘಟನೆಯವರು ಆಫ್ರಿಕಾದ ಚಾಡ್ ದೇಶದಿಂದ 103 ಮಕ್ಕಳನ್ನು ವಿಮಾನದಲ್ಲಿ ಒಯ್ಯಲು ಹೊರಟರು. ದಾರ್ಫುರ್ ಯುದ್ಧದ ಅನಾಥರೆಂದು ಹೇಳಲಾಗಿತ್ತು. ಫ್ರಾನ್ಸಿನಲ್ಲಿ ಕುಟುಂಬಗಳು ಮಂಚ, ಬಟ್ಟೆ ಸಿದ್ಧಮಾಡಿಕೊಂಡು ಕಾಯುತ್ತಿದ್ದವು. ವಿಚಾರಿಸಿದಾಗ ಹೆಚ್ಚಿನ ಮಕ್ಕಳು ಚಾಡ್‌ನವರೇ. ಅವರ ತಂದೆಯೋ ತಾಯಿಯೋ ಹತ್ತಿರದ ಹಳ್ಳಿಗಳಲ್ಲಿ ಜೀವಂತವಾಗಿದ್ದರು. ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ ಕರೆತರಲಾಗಿತ್ತು. ಕಾಯುತ್ತಿದ್ದ ಆ ಕುಟುಂಬಗಳು ಕೆಟ್ಟವರಾಗಿದ್ದರೇ? ಖಂಡಿತ ಅಲ್ಲ. ನಮ್ಮ ಬೈಂದೂರಿನ ಸಹೋದರಿಯಂತೆಯೇ ಒಳ್ಳೆಯವರು. ಯುದ್ಧದ ನಡುವೆ ಒಂಟಿಯಾಗಿ ಸಿಕ್ಕ ಮಗು ಅನಾಥ ಮಗುವೇ ಆಗಿರಬೇಕೆಂದಿಲ್ಲ. ಅದರ ಅಜ್ಜಿ ಇನ್ನೊಂದು ಡೇರೆಯಲ್ಲಿ ಅದನ್ನು ಹುಡುಕುತ್ತಿರಬಹುದು. ಆದ್ದರಿಂದಲೇ ಮೊದಲು ಸಂಬಂಧಿಕರನ್ನು ಹುಡುಕಬೇಕು, ಉಳಿದದ್ದೆಲ್ಲಾ ಬಳಿಕ ಎಂಬುದು ಇಂದು ಎಲ್ಲ ಜವಾಬ್ದಾರಿಯುತ ಸಂಸ್ಥೆಗಳು ಒಪ್ಪಿಕೊಂಡ ನಿಯಮ. ಮೂಸಾ(ಅ)ರನ್ನು ನದಿಗೆ ಬಿಟ್ಟಾಗ ಅವರ ಸಹೋದರಿ ದಡದುದ್ದಕ್ಕೂ ಹಿಂಬಾಲಿಸಿ, ಕೊನೆಗೆ ಮಗುವನ್ನು ತಾಯಿಯ ಮಡಿಲಿಗೇ ತಲುಪಿಸಿದ ಘಟನೆಯನ್ನು ಕುರ್‌ಆನ್ ವಿವರಿಸಿದೆಯಲ್ಲವೇ?

ಇನ್ನು ಶರೀಅತ್ತಿನ ವಿಷಯ. ಇಸ್ಲಾಮಿನಲ್ಲಿ ದತ್ತು ನಿಷಿದ್ಧ ಎಂಬ ಅರ್ಧ ವಾಕ್ಯವನ್ನು ಎಲ್ಲರೂ ಬಲ್ಲರು. ಅರ್ಧ ವಾಕ್ಯದಿಂದ ಆಗುವ ಹಾನಿ ದೊಡ್ಡದು. ನಿಷಿದ್ಧವಾಗಿರುವುದು ಮಗುವನ್ನು ಸಾಕುವುದಲ್ಲ, ಅದರ ವಂಶವನ್ನು ಅಳಿಸುವುದು. ಈ ಕುರಿತ ಸೂಕ್ತಗಳು ಅಲ್ ಅಹ್‌ಝಾಬ್ ಅಧ್ಯಾಯದಲ್ಲಿವೆ. ಅವುಗಳ ಹಿಂದೆ ಝೈದ್ ಬಿನ್ ಹಾರಿಸಾ(ರ) ಇದ್ದಾರೆ. ಝೈದ್ ಯಾರು? ಬಾಲ್ಯದಲ್ಲಿ ದರೋಡೆಕೋರರ ದಾಳಿಯಲ್ಲಿ ಸೆರೆಯಾಗಿ, ಸಂತೆಯಲ್ಲಿ ಮಾರಾಟವಾಗಿ ಮಕ್ಕಾಕ್ಕೆ ಬಂದ ಹುಡುಗ. ನಮ್ಮ ಇಂದಿನ ಭಾಷೆಯಲ್ಲಿ ಸಂಘರ್ಷ ಪೀಡಿತ ಪ್ರದೇಶದ ಮಗು. ಖದೀಜಾ(ರ) ಅವರನ್ನು ಪ್ರವಾದಿ(ಸ)ರಿಗೆ ನೀಡಿದರು. ತಂದೆ ಹಾರಿಸಾ ವರ್ಷಗಳ ಕಾಲ ಹುಡುಕಿ ಮಕ್ಕಾಕ್ಕೆ ಬಂದಾಗ ಪ್ರವಾದಿ(ಸ) ಆಯ್ಕೆಯನ್ನು ಝೈದ್‌ರಿಗೇ ಬಿಟ್ಟರು. ಅವರು ಪ್ರವಾದಿವರ್ಯರ(ಸ) ಬಳಿಯಲ್ಲೇ ಉಳಿಯುವುದನ್ನು ಆಯ್ದುಕೊಂಡರು. ಜನರು ಝೈದ್ ಬಿನ್ ಮುಹಮ್ಮದ್ ಎಂದು ಕರೆಯತೊಡಗಿದರು. ಮುಂದೆ ಮದೀನಾದಲ್ಲಿ, ಸಾಕುಮಕ್ಕಳನ್ನು ಅವರವರ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಅವತೀರ್ಣವಾಯಿತು; ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಹೆಸರು ಮರಳಿತು, ಪ್ರೀತಿ ಕಡಿಮೆಯಾಗಲಿಲ್ಲ. ಮುಅ್ತಾ ಯುದ್ಧಕ್ಕೆ ಪ್ರವಾದಿ(ಸ) ಅವರನ್ನೇ ಸೇನಾನಾಯಕರನ್ನಾಗಿ ನೇಮಿಸಿದರು. ಸಹಾಬಿಗಳ ಪೈಕಿ ಪವಿತ್ರ ಕುರ್‌ಆನ್‌ನಲ್ಲಿ ಹೆಸರಿಸಲ್ಪಟ್ಟ ಏಕೈಕ ವ್ಯಕ್ತಿ ಅವರು.

ದತ್ತಿಗೆ ಪರ್ಯಾಯವಾಗಿರುವುದು ಕಫಾಲ. ಮರ್ಯಮ್(ಅ)ರನ್ನು ಝಕರಿಯ್ಯಾ(ಅ) ಸಾಕಿದ್ದನ್ನು ಹೇಳುವಾಗ ಕುರ್‌ಆನ್ ಬಳಸಿದ್ದು ಇದೇ ಧಾತುವಿನ ಪದವನ್ನು. ಅನಾಥನ ಸಂರಕ್ಷಕನು ಸ್ವರ್ಗದಲ್ಲಿ ತನಗೆ ಎಷ್ಟು ನಿಕಟನೆಂದು ಪ್ರವಾದಿ(ಸ) ಎರಡು ಬೆರಳುಗಳನ್ನು ಜೋಡಿಸಿ ತೋರಿಸಿದ್ದು ಬುಖಾರಿಯಲ್ಲಿದೆ. ಅಷ್ಟೇಕೆ, 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿಯು ದತ್ತಿನ ಜೊತೆಗೇ ಇಸ್ಲಾಮೀ ಕಾನೂನಿನ ಕಫಾಲವನ್ನೂ ಹೆಸರಿಸಿ ಮಾನ್ಯ ಮಾಡಿದೆ. ಜಗತ್ತು ಒಪ್ಪಿದ ಈ ವ್ಯವಸ್ಥೆಯ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತಿದೆ?

ವಂಶದ ಈ ಮಾತು ಪುಸ್ತಕದ ವಾದವೆಂದು ತಿಳಿಯಬೇಡಿ. ನಮ್ಮ ಕರಾವಳಿಯ ಒಂದು ಊರಿನ ನಿಕಾಹ್‌ನಲ್ಲಿ ನಾನು ಕುಳಿತಿದ್ದೆ. ಮಕ್ಕಳಿಲ್ಲದ ದಂಪತಿ ಇಪ್ಪತ್ತು ವರ್ಷಗಳ ಹಿಂದೆ ಯಾರದೋ ಮೂಲಕ ಶಿಶುವೊಂದನ್ನು ಪಡೆದು, ಜನನ ಪ್ರಮಾಣಪತ್ರದಲ್ಲಿ ತಮ್ಮದೇ ಹೆಸರು ಬರೆಸಿದ್ದರು. ದೇವರಾಣೆ, ಬಹಳ ಪ್ರೀತಿಯಿಂದ ಬೆಳೆಸಿದ್ದರು. ಆಸ್ತಿಯ ಜಗಳದಲ್ಲಿದ್ದ ತಮ್ಮನೊಬ್ಬ ನಿಕಾಹ್‌ನ ಹೊತ್ತಿಗೆ ಎದ್ದು ನಿಂತು, "ಇವಳು ಇವರ ಮಗಳಲ್ಲ, ಇವರು ಹೇಗೆ ವಲಿಯಾಗುತ್ತಾರೆ?" ಎಂದುಬಿಟ್ಟ. ಖತೀಬರ ಲೇಖನಿ ನಿಂತಿತು. ಶಾಫಿಈ ಮದ್ಸ್‌ಹಬ್‌ನಲ್ಲಿ ವಲಿಯಿಲ್ಲದೆ ನಿಕಾಹ್ ಸಿಂಧುವಲ್ಲ. ವಲಿಯಿಲ್ಲದವರಿಗೆ ಕಾಝಿಯೇ ವಲಿ. ಕೊನೆಗೆ ಹಾಗೆಯೇ ನೆರವೇರಿತು. ಆದರೆ ಒಳಗೆ ಮದುಮಗಳಾಗಿ ಕುಳಿತಿದ್ದ ಆ ಹುಡುಗಿಗೆ ತಾನು ಯಾರ ಮಗಳೆಂಬ ಪ್ರಶ್ನೆ ಎದುರಾದದ್ದು ಆ ದಿನ, ಆ ರೀತಿಯಲ್ಲಿ. ಸತ್ಯವನ್ನು ಬಾಲ್ಯದಲ್ಲೇ ಹಿತವಾಗಿ ಹೇಳಿದ್ದರೆ ಆ ತಮ್ಮನ ಕೈಯಲ್ಲಿ ಆಯುಧವೇ ಇರುತ್ತಿರಲಿಲ್ಲ.

ಮಗು ದೊಡ್ಡದಾದ ಮೇಲೆ ಮಹ್ರಮ್ ಪ್ರಶ್ನೆ ಬರುತ್ತದೆ ಎಂದು ಹೆದರಿ ಹಿಂಜರಿಯುವವರಿದ್ದಾರೆ. ಅದಕ್ಕೂ ಶರೀಅತ್ತಿನಲ್ಲಿ ಪರಿಹಾರವಿದೆ. ಎರಡು ವರ್ಷದೊಳಗೆ ಎದೆಹಾಲು ಕುಡಿಸಿದರೆ ಹಾಲಿನ ಸಂಬಂಧ ಏರ್ಪಡುತ್ತದೆ. ಶಾಫಿಈಗಳಲ್ಲಿ ಐದು ಬಾರಿ ಕುಡಿದಿರಬೇಕು, ಹನಫಿಗಳಲ್ಲಿ ಸ್ವಲ್ಪವಾದರೂ ಸಾಕು. ಸಾಕುತಾಯಿಗೇ ಹಾಲಿರಬೇಕೆಂದಿಲ್ಲ. ಗಂಡು ಮಗುವಿಗೆ ಆಕೆಯ ಸಹೋದರಿ ಹಾಲುಣಿಸಿದರೆ ಆಕೆ ಖಾಲಾ ಆಗುತ್ತಾಳೆ. ಹೆಣ್ಣು ಮಗುವಿಗೆ ಗಂಡನ ಸಹೋದರಿ ಉಣಿಸಿದರೆ ಆತ ಮಾಮಾ ಆಗುತ್ತಾನೆ. ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು, ನಾವು ಮರೆತೆವು. ಯಾರು ಯಾರಿಗೆ ಹಾಲು ಕೊಟ್ಟರೆಂಬುದನ್ನು ಮಾತ್ರ ತಪ್ಪದೆ ಬರೆದಿಡಬೇಕು. ಸಾಕುಮಗು ವಾರಸುದಾರನಲ್ಲ, ನಿಜ. ಆದರೆ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು. ಬದುಕಿರುವಾಗಲೇ ಹಿಬಾ ನೀಡಿ ಸ್ವಾಧೀನಕ್ಕೂ ಒಪ್ಪಿಸಬಹುದು.

ಕಾನೂನಿನ ಬಗ್ಗೆ ಎರಡು ಮಾತು. 1972ರಲ್ಲಿ ಎಲ್ಲ ಧರ್ಮೀಯರಿಗೂ ಅನ್ವಯಿಸುವ ದತ್ತು ಮಸೂದೆ ಸಂಸತ್ತಿಗೆ ಬಂದಾಗ ಸಮುದಾಯ ವಿರೋಧಿಸಿತು. 1973ರಲ್ಲಿ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ರೂಪುಗೊಳ್ಳಲು ಅದೂ ಒಂದು ಕಾರಣ. 2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಇಚ್ಛಿಸದವರು ತಮ್ಮ ವೈಯಕ್ತಿಕ ಕಾನೂನನ್ನು ಅನುಸರಿಸಬಹುದು ಎಂದಿತು. ಹೀಗಾಗಿ ಬಲವಂತವೇನೂ ಇಲ್ಲ. ಕಫಾಲಕ್ಕೆ ಹೊಂದುವ ದಾರಿಗಳೂ ಇವೆ. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ನ್ಯಾಯಾಲಯದಿಂದ ಪಾಲಕರಾಗಿ ನೇಮಕ ಪಡೆಯಬಹುದು. ಮಗುವಿನ ವಂಶಕ್ಕೆ ಧಕ್ಕೆಯಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಫಾಸ್ಟರ್ ಕೇರ್ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಮಗುವನ್ನು ಮನೆಯಲ್ಲಿರಿಸಿ ಸಾಕಬಹುದು. ಆದರೆ ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ಮಗುವನ್ನು ನೇರವಾಗಿ ಪಡೆದು ನಮ್ಮದೆಂದು ಬರೆಸುವ ಹಳೆಯ ಪದ್ಧತಿ ಶರೀಅತ್ತಿಗೂ ವಿರುದ್ಧ, ಕಾನೂನಿಗೂ ವಿರುದ್ಧ. ಅದೇ ಕಾಯ್ದೆಯ 80ನೆಯ ಸೆಕ್ಷನ್‌ನಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು.

1972ರ ವಿರೋಧ ಸರಿಯಾಗಿತ್ತೆಂದೇ ನಾನು ಭಾವಿಸುತ್ತೇನೆ. ಆದರೆ ನಮ್ಮ ಶರೀಅತ್ತಿನಲ್ಲಿ ಉತ್ತಮ ಪರ್ಯಾಯವಿದೆ ಎಂದು ಸಾರಿದ ನಾವು ಅರ್ಧ ಶತಮಾನದಲ್ಲಿ ಆ ಪರ್ಯಾಯವನ್ನು ಎಲ್ಲಿ ಕಟ್ಟಿದೆವು? ಯತೀಮ್‌ಖಾನಾಗಳನ್ನು ಕಟ್ಟಿದೆವು. ಅವುಗಳ ಸೇವೆಯನ್ನು ಅಲ್ಲಗಳೆಯುವುದಿಲ್ಲ. ಕಲ್ಲಿಕೋಟೆಯ ಕಾರಂತೂರಿನ ಮರ್ಕಝ್, ಕಾಶ್ಮೀರದ ಮಕ್ಕಳನ್ನೂ ಕರೆತಂದು ಓದಿಸಿದೆ. ಆದರೆ ಅದೇ ಕೇರಳದಲ್ಲಿ 2014ರ ಮೇ ತಿಂಗಳಲ್ಲಿ ಬಿಹಾರ ಮತ್ತು ಜಾರ್ಖಂಡ್‌ನಿಂದ ಅನಾಥಾಲಯಕ್ಕೆ ಬರುತ್ತಿದ್ದ ನೂರಾರು ಮಕ್ಕಳನ್ನು ಪಾಲಕ್ಕಾಡ್ ರೈಲು ನಿಲ್ದಾಣದಲ್ಲಿ ತಡೆಯಲಾಯಿತು. ಮಕ್ಕಳ ಸಾಗಾಟವೆಂಬ ಆರೋಪ ದೇಶವಿಡೀ ಹಬ್ಬಿತು. ಆರೋಪದ ಸತ್ಯಾಸತ್ಯತೆ ಬೇರೆ ಮಾತು. ದಾಖಲೆಗಳು ಸಮರ್ಪಕವಾಗಿಲ್ಲದಿದ್ದರೆ ಪುಣ್ಯ ಕಾರ್ಯವೂ ಅಪರಾಧದಂತೆ ಕಾಣುತ್ತದೆ. ರಮಝಾನಿನಲ್ಲಿ ಯತೀಮ್ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ದಾನಿಗಳ ಕೈಯಿಂದ ಬಟ್ಟೆ ಕೊಡಿಸಿ ಫೋಟೋ ತೆಗೆಯುವ ಪದ್ಧತಿಯಂತೂ ನಿಲ್ಲಲೇಬೇಕು. ಆ ಫೋಟೋದಲ್ಲಿ ನಮ್ಮ ಮಗ ನಿಂತಿರಲು ನಾವು ಒಪ್ಪುತ್ತೇವೆಯೇ?

ಶರೀಅತ್ತಿನ ಪರಿಭಾಷೆಯಲ್ಲಿ ಯತೀಮ್ ಎಂದರೆ ಪ್ರೌಢನಾಗುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ಹೆಚ್ಚಿನ ಯತೀಮರಿಗೆ ತಾಯಿ ಇದ್ದಾಳೆ. ನಮ್ಮ ಜಿಲ್ಲೆಯಲ್ಲಿ ಬಾಂಬು ಬೀಳುವುದಿಲ್ಲ, ಆದರೆ ಮಕ್ಕಳು ಯತೀಮರಾಗುತ್ತಿದ್ದಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ಉರುಳಿ 158 ಮಂದಿ ಮೃತಪಟ್ಟಾಗ ಕರಾವಳಿಯ ಎಷ್ಟೊಂದು ಮನೆಗಳು ತಬ್ಬಲಿಯಾದವು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯೊಂದಿಗೆ ಏಳು ಮೀನುಗಾರರು ಕಾಣೆಯಾದರು. ಕಡಲಿಗೆ ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲ. ಕೊರೋನಾ ಕಾಲವನ್ನು ನೀವೇ ಕಂಡಿದ್ದೀರಿ.

ಈಗ ಹೇಳುವ ವಿಷಯ ಕೆಲವರಿಗೆ ಕಷ್ಟವಾಗಬಹುದು. ಗಲ್ಫ್‌ನಲ್ಲಿದ್ದ ಯುವಕನೊಬ್ಬ ಹೃದಯಾಘಾತದಿಂದ ತೀರಿಕೊಂಡ. ಹೆಂಡತಿ ಮತ್ತು ಮೂವರು ಮಕ್ಕಳು ಅವನ ತಂದೆಯ ಮನೆಯಲ್ಲಿದ್ದರು. ಆ ಮನೆಯ ಮೇಲಂತಸ್ತು ಅವನು ಕಳುಹಿಸಿದ ಹಣದಿಂದಲೇ ಎದ್ದದ್ದು. ನಾಲ್ಕು ವರ್ಷಗಳ ಬಳಿಕ ಅಜ್ಜನೂ ತೀರಿಕೊಂಡರು. ಅಜ್ಜನ ಬೇರೆ ಗಂಡುಮಕ್ಕಳು ಬದುಕಿರುವಾಗ, ಮೊದಲೇ ತೀರಿಹೋದ ಮಗನ ಮಕ್ಕಳಿಗೆ ವಾರಸು ಪಾಲು ಬರುವುದಿಲ್ಲ. ಚಿಕ್ಕಪ್ಪಂದಿರು ಮಸ್‌ಅಲೆಯನ್ನು ಕೇಳಿ ತಿಳಿದುಕೊಂಡು, ಅತ್ತಿಗೆಗೆ ಮನೆ ಖಾಲಿ ಮಾಡಲು ಹೇಳಿದರು. ಅವರು ಕೇಳಿದ ಮಸ್‌ಅಲೆ ಸರಿಯಿತ್ತು. ಆದರೆ ಅನಾಥರ ಸೊತ್ತನ್ನು ಕಬಳಿಸುವವರು ಹೊಟ್ಟೆಗೆ ಬೆಂಕಿ ತುಂಬಿಸಿಕೊಳ್ಳುತ್ತಾರೆಂಬ ಅನ್ನಿಸಾ ಅಧ್ಯಾಯದ ಎಚ್ಚರಿಕೆಯನ್ನು ಅವರು ಕೇಳಲಿಲ್ಲ. ತೀರಿಹೋದ ಅಣ್ಣನ ಹಣ ಆ ಗೋಡೆಗಳಲ್ಲಿದೆ ಎಂಬುದು ಅವರಿಗೆ ನೆನಪಾಗಲಿಲ್ಲ. ಶರೀಅತ್ ಆ ಮಕ್ಕಳನ್ನು ಕೈಬಿಟ್ಟಿರಲಿಲ್ಲ. ಅಜ್ಜ ಮೂರನೆಯ ಒಂದು ಭಾಗದೊಳಗೆ ಮೊಮ್ಮಕ್ಕಳಿಗೆ ವಸಿಯ್ಯತ್ ಬರೆದಿದ್ದರೆ ಯಾರೂ ಅಲುಗಾಡಿಸುವಂತಿರಲಿಲ್ಲ. ಈಜಿಪ್ಟ್ 1946ರಲ್ಲೇ ಇಂತಹ ಮೊಮ್ಮಕ್ಕಳ ವಸಿಯ್ಯತ್ತನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ವಸಿಯ್ಯತ್ ಬರೆದರೆ ಸಾವು ಬೇಗ ಬರುತ್ತದೆಂಬ ಮೂಢನಂಬಿಕೆ! ಆ ತಾಯಿ ಇಂದು ಬಾಡಿಗೆ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಿದ್ದಾರೆ. ದೊಡ್ಡ ಮಗ ಎಂಟನೆಯ ತರಗತಿಗೇ ಶಾಲೆ ಬಿಟ್ಟಿದ್ದಾನೆ. ಆ ಚಿಕ್ಕಪ್ಪಂದಿರಲ್ಲಿ ಒಬ್ಬರು ಗಾಝಾಕ್ಕಾಗಿ ನಡೆದ ಪ್ರಾರ್ಥನಾ ಸಭೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಕಂಡಿದ್ದೇನೆ. ಆ ಕಣ್ಣೀರು ಕಪಟವೆಂದು ನಾನು ಹೇಳುವುದಿಲ್ಲ. ಅದಕ್ಕೇ ಇನ್ನಷ್ಟು ನೋವಾಗುತ್ತದೆ.

ಗಾಝಾದ ಮಕ್ಕಳಿಗೆ ಏನು ಮಾಡಬೇಕು? ಹಣ ಕೊಡಿ, ಮಾನ್ಯತೆಯಿರುವ ಸಂಸ್ಥೆಗೆ ಕೊಡಿ, ರಶೀದಿ ಪಡೆಯಿರಿ. ಆ ಮಗು ತನ್ನ ಅಜ್ಜಿಯ ಬಳಿ, ತನ್ನ ಭಾಷೆಯಲ್ಲಿ, ತನ್ನ ಮಣ್ಣಿನಲ್ಲೇ ಬೆಳೆಯಲು ಅದು ನೆರವಾದೀತು.

ಇನ್ನು ಜಮಾಅತ್‌ಗಳವರಿಗೆ ನನ್ನ ಬೇಡಿಕೆ ಒಂದೇ. ನಿಮ್ಮಲ್ಲಿ ವರಿಯ ಪಟ್ಟಿಯಿದೆ, ಬಾಕಿದಾರರ ಪಟ್ಟಿಯಂತೂ ಅಚ್ಚುಕಟ್ಟಾಗಿದೆ. ಯತೀಮ್ ಮಕ್ಕಳ ಪಟ್ಟಿ ಇದೆಯೇ? ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ವಿಧವೆ ತಾಯಿಯ ಬಳಿಯೋ ಬಂಧುಗಳ ಬಳಿಯೋ ಇರುವ ಬಡ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72 ಸಾವಿರ, ಪಟ್ಟಣದಲ್ಲಿ 96 ಸಾವಿರ ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಶಿರೂರಿನಿಂದ ಮಣಿಪಾಲದ ರಜತಾದ್ರಿಗೆ ಎರಡು ಬಸ್ಸು ಹತ್ತಿ ಹೋಗಿ, ಕಾಗದ ಸಾಲದೆಂದು ಹಿಂದಿರುಗಿ ಬರುವ ತಾಯಿಯ ಜೊತೆಗೆ ಜಮಾಅತ್‌ನ ಓದಿದ ಯುವಕನೊಬ್ಬ ಹೋಗಲಿ. ಅದು ಕೂಡಾ ಕಫಾಲವೇ.

ಬೈಂದೂರಿನ ಆ ಸಹೋದರಿಗೆ ಇದನ್ನೆಲ್ಲಾ ಹೇಳಿದಾಗ ಬಹಳ ಹೊತ್ತು ಮೌನವಾಗಿದ್ದರು. ಕಳೆದ ತಿಂಗಳು ಫೋನ್ ಮಾಡಿ, ಫಾಸ್ಟರ್ ಕೇರ್‌ಗೆ ಯಾವ ಯಾವ ದಾಖಲೆ ಬೇಕೆಂದು ವಿಚಾರಿಸಿದರು. ಆ ದಾಖಲೆಗಳ ಪಟ್ಟಿಯನ್ನೂ ವಸಿಯ್ಯತ್ ಪತ್ರದ ಒಂದು ಮಾದರಿಯನ್ನೂ ತಂದಿದ್ದೇನೆ. ಮಗ್ರಿಬ್‌ಗೆ ಹೊತ್ತಾಯಿತು; ನಮಾಝ್ ಮುಗಿಸಿ ಇಲ್ಲಿಯೇ ಕುಳಿತಿರುತ್ತೇನೆ, ಬೇಕಾದವರು ಬಂದು ಪಡೆದುಕೊಳ್ಳಬಹುದು.