ಪಂಚಾಯಿತಿಯ ಗಣಕಯಂತ್ರಕ್ಕೆ ಲಿನಕ್ಸ್: ಠರಾವಿಗೆ ಮೊದಲು ಪರಿಶೀಲಿಸಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದಕ್ಕಾಗಿ ಯಂತ್ರವೇನೂ ನಿಂತುಹೋಗುವುದಿಲ್ಲ. ಮರುದಿನವೂ ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಮುಚ್ಚುವ ಪರಿಷ್ಕರಣೆಗಳು ಅದಕ್ಕೆ ತಾವಾಗಿ ಬರುವುದಿಲ್ಲ. ಸಂಸ್ಥೆಗಳು ಹಣ ತೆತ್ತು ಮೂರು ವರ್ಷಗಳವರೆಗೆ ಅವನ್ನು ಪಡೆಯಬಹುದು. ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್ ಎಂದು ಘೋಷಿಸಲಾಗಿದ್ದು, ಅನಂತರ ಪ್ರತಿ ವರ್ಷ ದರವು ದುಪ್ಪಟ್ಟಾಗುತ್ತದೆ. ವಿಂಡೋಸ್ 11ಕ್ಕೆ ಬದಲಾಯಿಸೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರನ್ನೂ ಕೇಳುತ್ತದೆ. ಪಂಚಾಯಿತಿ ಕಚೇರಿಗಳಲ್ಲಿರುವ ಹಳೆಯ ಯಂತ್ರಗಳಲ್ಲಿ ಅನೇಕವು ಈ ಮಾನದಂಡವನ್ನು ಮುಟ್ಟುವುದಿಲ್ಲ.

ಆದುದರಿಂದ ಸಾಮಾನ್ಯ ಸಭೆಯ ಮುಂದೆ ಎರಡು ಪ್ರಸ್ತಾವಗಳು ಬರುವುದು ಸಹಜ. ಎಲ್ಲ ಯಂತ್ರಗಳನ್ನೂ ಹೊಸದಾಗಿ ಖರೀದಿಸುವುದು ಒಂದು. ಹಣ ನೀಡದೆ ದೊರೆಯುವ ಲಿನಕ್ಸನ್ನು ಹಳೆಯ ಯಂತ್ರಗಳಿಗೇ ಹಾಕಿಸುವುದು ಇನ್ನೊಂದು. ಎರಡನೆಯದು ಕೇಳಲು ಬಹಳ ಹಿತವಾಗಿದೆ. ನಾನು ಇಂಜಿನಿಯರಿಂಗ್ ಓದಿದವನಾದುದರಿಂದ ಲಿನಕ್ಸಿನ ಮೇಲೆ ನನಗೆ ಮೊದಲಿನಿಂದಲೂ ಒಲವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ತಾವು ಠರಾವಿಗೆ ಕೈ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ಈ ಯಂತ್ರವಲ್ಲದೆ ಬೇರೆಲ್ಲಿಯೂ ಆಗದ ಕೆಲಸ ನಮ್ಮ ಕಚೇರಿಯಲ್ಲಿ ಯಾವುದಿದೆ ಎಂಬುದೇ ಆ ಪ್ರಶ್ನೆ.

ಕಚೇರಿಯ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನ ಪಾಲು ಬ್ರೌಸರಿನ ಮೂಲಕವೇ ನಡೆಯುತ್ತದೆ. ಪಂಚತಂತ್ರದಲ್ಲಿ ಕರ ಬೇಡಿಕೆ ನೋಡುವುದು, ವರದಿ ತೆಗೆಯುವುದು, ಇ-ಮೇಲ್ ಕಳುಹಿಸುವುದು, ಸುತ್ತೋಲೆ ಇಳಿಸಿಕೊಂಡು ಮುದ್ರಿಸುವುದು ಇವೆಲ್ಲಕ್ಕೂ ಲಿನಕ್ಸ್ ಸಾಕು. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಇದೆ. ಗ್ರಾಮದ ನಕ್ಷೆ ನೋಡಲು ಕ್ಯೂ-ಜಿ.ಐ.ಎಸ್. ಎರಡೂ ಕಡೆ ನಡೆಯುತ್ತದೆ.

ತೊಡಕು ಇರುವುದು ಉಳಿದ ಸ್ವಲ್ಪ ಪಾಲಿನಲ್ಲಿ. ಆದರೆ ಪಂಚಾಯಿತಿಯ ಹಣವೆಲ್ಲ ಹರಿಯುವುದು ಆ ಸ್ವಲ್ಪದ ಮೂಲಕವೇ. ಹಣಕಾಸು ಆಯೋಗದ ಅನುದಾನವನ್ನು ಇ-ಗ್ರಾಮ್‌ಸ್ವರಾಜ್ ಮೂಲಕ ಪಾವತಿಸುವಾಗ ಅಧ್ಯಕ್ಷರ ಹಾಗೂ ನನ್ನಂಥ ಪಿ.ಡಿ.ಒ.ಗಳ ಡಿಜಿಟಲ್ ಸಹಿ ಬೇಕು. ಇ-ಸ್ವತ್ತಿನ ನಮೂನೆ 9 ಮತ್ತು 11ಕ್ಕೂ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ನಾವು ಡಿ.ಎಸ್.ಸಿ. ಕೀ ಎಂದು ಕರೆಯುವ, ಯು.ಎಸ್.ಬಿ.ಗೆ ಸಿಕ್ಕಿಸುವ ಟೋಕನ್ನಿನಲ್ಲಿ. ಟೋಕನ್ನನ್ನು ಯಂತ್ರ ಗುರುತಿಸಲು ಒಂದು ಡ್ರೈವರ್ ಬೇಕು. ಟೋಕನ್ನಿಗೂ ಜಾಲತಾಣಕ್ಕೂ ನಡುವೆ ನಿಂತು ಸಹಿ ಹಾಕಿಸುವ ಇನ್ನೊಂದು ಸಣ್ಣ ತಂತ್ರಾಂಶವೂ ಬೇಕು. ಕೆಲವು ಟೋಕನ್ನುಗಳಿಗೆ ಲಿನಕ್ಸ್ ಡ್ರೈವರ್ ದೊರೆಯುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತೆಂದು ಸರಬರಾಜುದಾರರು ಹೇಳಬಹುದು. ನಡುವಿನ ಆ ಸಣ್ಣ ತಂತ್ರಾಂಶವನ್ನು ವಿಂಡೋಸ್‌ಗೆಂದೇ ಸಿದ್ಧಪಡಿಸಿದ್ದರೆ ಡ್ರೈವರ್ ಇದ್ದೂ ಪ್ರಯೋಜನವಿಲ್ಲ. ತಿಂಗಳ ಕೊನೆಯಲ್ಲಿ ಸಹಿ ಬೀಳದಿದ್ದರೆ ಗುತ್ತಿಗೆದಾರರಿಗಷ್ಟೇ ತೊಂದರೆಯಲ್ಲ. ಕೆಟ್ಟ ಮೋಟಾರು ದುರಸ್ತಿಯ ಬಿಲ್ಲೂ ಅಲ್ಲಿಯೇ ನಿಲ್ಲುತ್ತದೆ, ನೀರಿಗಾಗಿ ಜನರು ಸದಸ್ಯರ ಮನೆ ಬಾಗಿಲಿಗೆ ಬರುತ್ತಾರೆ.

ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸಲು ವೈನ್ ಎಂಬ ಸಾಧನವಿದೆ (ಹೆಸರು ಕೇಳಿ ಸಭೆಯಲ್ಲಿ ನಗು ಬಂದರೆ ತಪ್ಪಿಲ್ಲ). ಸರಳ ತಂತ್ರಾಂಶಗಳಿಗೆ ಅದು ಒದಗುತ್ತದೆ. ಟೋಕನ್, ಬೆರಳಚ್ಚು ಯಂತ್ರ ಮುಂತಾದ ಉಪಕರಣಗಳೊಡನೆ ನೇರವಾಗಿ ಮಾತನಾಡಬೇಕಾದ ತಂತ್ರಾಂಶಗಳಿಗೆ ಅದನ್ನು ನಂಬಿ ಕಚೇರಿ ನಡೆಸುವುದು ಸಲ್ಲದು. ಲಿನಕ್ಸಿನೊಳಗೇ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಅದರಲ್ಲಿ ವಿಂಡೋಸ್ ನಡೆಸುವ ಮಾರ್ಗವೂ ಉಂಟು. ಆಗ ವಿಂಡೋಸ್ ಪರವಾನಗಿಯನ್ನು ಕೊಳ್ಳಲೇಬೇಕು, ಹೆಚ್ಚಿನ ಮೆಮೊರಿಯೂ ಬೇಕು. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ಉದ್ದೇಶವೇ ಕೈತಪ್ಪುತ್ತದೆ. ಕಾಮಗಾರಿಯ ನಕ್ಷೆಗೆ ಇಂಜಿನಿಯರುಗಳು ಬಳಸುವ ಆಟೋಕ್ಯಾಡ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಆ ಕೆಲಸ ನಮ್ಮ ಕಚೇರಿಯಲ್ಲಿ ನಡೆಯುವುದಿಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಕನ್ನಡದ ವಿಷಯ. ಇದನ್ನು ಯಾವ ಸರಬರಾಜುದಾರರೂ ಪ್ರಸ್ತಾಪಿಸುವುದಿಲ್ಲ. ಸಭಾ ನಡವಳಿ, ನೋಟಿಸು, ಪತ್ರವ್ಯವಹಾರ ಇವೆಲ್ಲ ವರ್ಷಗಟ್ಟಲೆ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಾಗಿವೆ. ಆ ಕಡತಗಳಲ್ಲಿ ನಿಜವಾಗಿ ದಾಖಲಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ನುಡಿಯ ಅಕ್ಷರವಿನ್ಯಾಸ ಇರುವ ಯಂತ್ರದಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಅದಿಲ್ಲದೆ ತೆರೆದರೆ ತಮ್ಮ ಠರಾವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುವುದು. ಅಕ್ಷರವಿನ್ಯಾಸವನ್ನು ಲಿನಕ್ಸಿನಲ್ಲಿಯೂ ಅಳವಡಿಸಬಹುದು. ಹಳೆಯ ಕಡತವನ್ನು ಓದಲು, ಮುದ್ರಿಸಲು ಅದು ಸಾಕು. ಹೊಸ ಬರವಣಿಗೆಯನ್ನು ಯೂನಿಕೋಡ್‌ನಲ್ಲಿಯೇ ಮಾಡಬೇಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ರೂಢಿಯಾಗಿರುವ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುವುದರಿಂದ ಡಾಟಾ ಎಂಟ್ರಿ ಆಪರೇಟರ್ ಬೆರಳಿನ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ. ಇದು ದೊಡ್ಡ ಸಮಾಧಾನ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿನಿಂದ ನೋಡಲೇಬೇಕು. ಹೆಸರುಗಳು, ಆಸ್ತಿ ಸಂಖ್ಯೆ, ಸರ್ವೆ ನಂಬರು, ಮೊತ್ತ ಇವನ್ನು ಸಹಿಯಾದ ಪುಸ್ತಕದೊಡನೆ ಹೋಲಿಸಬೇಕು. ಮೂಲ ಕಡತವನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬಾರದು. ವಿಂಡೋಸ್‌ನಲ್ಲಿಯೇ ಮುಂದುವರಿಯುವ ಪಂಚಾಯಿತಿಗಳೂ ಈ ಕೆಲಸವನ್ನು ಈಗಲೇ ಆರಂಭಿಸುವುದು ಲೇಸು.

ಇತರರು ಏನು ಮಾಡಿದರೆಂಬುದನ್ನು ನೋಡೋಣ. ಜರ್ಮನಿಯ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸಿಗೆ ಹೋಗಲು ನಿರ್ಧರಿಸಿ, ಸುಮಾರು ಹತ್ತು ವರ್ಷಗಳಲ್ಲಿ 15,000ದಷ್ಟು ಯಂತ್ರಗಳನ್ನು ಬದಲಾಯಿಸಿತು. ವಿಶೇಷ ತಂತ್ರಾಂಶಗಳ ಕಾರಣದಿಂದ ಕೆಲವು ಯಂತ್ರಗಳು ವಿಂಡೋಸ್‌ನಲ್ಲಿಯೇ ಉಳಿದವು. 2017ರಲ್ಲಿ ನಗರಸಭೆಯು ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದರ ಹಿಂದೆ ರಾಜಕೀಯವೂ ಇತ್ತು, ದೂರುಗಳೂ ಇದ್ದವು. ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳು ದೀರ್ಘಕಾಲದಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತಿವೆ. ಕೇರಳಕ್ಕೆ ಅದು ದಕ್ಕಿದ್ದೇಕೆಂದರೆ, ಪಾಠಕ್ಕೆ ಯಾವ ತಂತ್ರಾಂಶ ಬೇಕೆಂಬುದನ್ನು ಅವರೇ ನಿರ್ಧರಿಸಿ, ಲಿನಕ್ಸಿನಲ್ಲಿ ನಡೆಯುವುದನ್ನೇ ಆರಿಸಿ, ಶಿಕ್ಷಕರಿಗೆ ತರಬೇತಿ ನೀಡಿದರು. ನಮ್ಮ ಸ್ಥಿತಿ ಹಾಗಿಲ್ಲ. ಸಹಿಯ ತಂತ್ರಾಂಶ ಯಾವುದಿರಬೇಕೆಂಬುದು ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ತೀರ್ಮಾನವಾಗುತ್ತದೆ; ಗ್ರಾಮ ಪಂಚಾಯಿತಿಗೆ ಆ ಆಯ್ಕೆ ಇಲ್ಲ.

ಈ ಕಾರಣದಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಇರುವ ಹಣದಲ್ಲಿ ಪರವಾನಗಿ ಸಹಿತ ವಿಂಡೋಸ್ 11 ಇರುವ ಒಂದು ಯಂತ್ರವನ್ನು ನಿಯಮಾನುಸಾರ ಖರೀದಿಸಿ, ಅದನ್ನು ಸಹಿಗೂ ಪಾವತಿಗೂ ಮೀಸಲಿಡಬೇಕು. ಅದರಲ್ಲಿ ಸಿನಿಮಾ, ಹೊರಗಿನವರ ಪೆನ್‌ಡ್ರೈವ್ ಕೂಡದು. ಪರವಾನಗಿ ಇಲ್ಲದ ವಿಂಡೋಸನ್ನು ಅಗ್ಗಕ್ಕೆ ಹಾಕಿಕೊಡುವವರು ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಸಿಗುತ್ತಾರೆ; ಸಾರ್ವಜನಿಕ ಹಣ ಹರಿಯುವ ಯಂತ್ರಕ್ಕೆ ಅವರ ಕೈ ಸೋಕಿಸಬೇಡಿ. ಉಳಿದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿದರೆ ಟೈಪಿಂಗ್, ವರದಿ ಮತ್ತು ಮುದ್ರಣದ ಕೆಲಸಗಳಿಗೆ ಅವು ಇನ್ನೂ ಕೆಲವು ವರ್ಷ ಬಾಳುತ್ತವೆ.

ಬದಲಾಯಿಸುವ ಮುನ್ನ ಯಂತ್ರದಲ್ಲಿರುವುದನ್ನು ಅಳಿಸಬೇಕಾಗಿಯೂ ಇಲ್ಲ. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಬಹುದು. ಕಚೇರಿಯ ಮುದ್ರಣ ಯಂತ್ರ, ಸ್ಕ್ಯಾನರ್, ಬಾಪೂಜಿ ಸೇವಾ ಕೇಂದ್ರದ ಉಪಕರಣಗಳನ್ನು ಒಂದೊಂದಾಗಿ ಜೋಡಿಸಿ ಪರೀಕ್ಷಿಸಬೇಕು. ಅನಂತರ ಒಂದೇ ಯಂತ್ರಕ್ಕೆ ಹಾಕಿ, ತಿಂಗಳ ಕೊನೆಯ ಕೆಲಸವೂ ಸೇರುವಂತೆ ಒಂದು ಪೂರ್ಣ ತಿಂಗಳು ನಡೆಸಬೇಕು. ಯಾವ ಕೆಲಸ ಆಯಿತು, ಯಾವುದು ನಿಂತಿತು ಎಂಬುದನ್ನು ಆಪರೇಟರ್ ಬರೆದಿಡಲಿ. ಆ ಪಟ್ಟಿಯನ್ನು ಸಭೆಯಲ್ಲಿ ಮಂಡಿಸುವಂತೆ ಪಿ.ಡಿ.ಒ.ರವರನ್ನು ಕೇಳುವ ಅಧಿಕಾರ ತಮಗಿದೆ. ಪಟ್ಟಿ ಮಂಡನೆಯಾಗದಿದ್ದರೆ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿ. ಅದರಿಂದ ನಷ್ಟವೇನೂ ಆಗುವುದಿಲ್ಲ.

ಪಟ್ಟಿಯ ಒಂದು ಮಾದರಿಯನ್ನು ತಂದಿದ್ದೇನೆ. ಚಹಾ ವಿರಾಮದಲ್ಲಿ ಪಡೆದುಕೊಳ್ಳಬಹುದು. ತಮ್ಮ ಕಚೇರಿಯ ಟೋಕನ್ ಮತ್ತು ಮುದ್ರಣ ಯಂತ್ರದ ಮಾದರಿ ಹೆಸರನ್ನು ಬರೆದು ತಂದವರು ಈಗಲೇ ಪ್ರಶ್ನೆ ಕೇಳಬಹುದು.