ಸಣ್ಣ ಹಿಡುವಳಿದಾರನೂ ಗಣಕಯುಗದ ಒಕ್ಕಲುತನವೂ

(ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಒಕ್ಕಲುತನವು ಸಕಲ ಕಾಯಕಗಳಿಗೂ ಆಧಾರಭೂತವಾದುದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಒಕ್ಕಲಿಗ ಮುದ್ದಣ್ಣನು ಹೊಲದ ಕಾಯಕದವನಾಗಿದ್ದೇ ವಚನಕಾರರ ಪಂಕ್ತಿಯಲ್ಲಿ ಸ್ಥಾನವನ್ನು ಪಡೆದನು. ಆ ಕಾಯಕದ ಸಾಧನಗಳಾದರೋ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಮರದ ನೇಗಿಲಿನ ಬಳಿಗೆ ಕಬ್ಬಿಣದ ನೇಗಿಲು ಬಂದಿತು. ಕಪಿಲೆಯ ಬಾವಿಗೆ ಪಂಪು ಬಂದಿತು. ಈಗ ಅಂಗೈಯಗಲದ ಮೊಬೈಲು ಬಂದಿದೆ. ಮಳೆಯ ಮುನ್ಸೂಚನೆ, ಪೇಟೆಯ ಧಾರಣೆ, ಪಹಣಿ, ಬೆಳೆವಿಮೆ ಇವೆಲ್ಲವೂ ಅದರೊಳಗೇ ದೊರೆಯುವುವೆಂದು ಹೇಳಲಾಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಯಾರ ಕೈಗೆ ದೊರೆಯುವುವು, ಯಾರ ಕೈಗೆ ದೊರೆಯವು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವಾಗಿದೆ.

ಮೊದಲು ಒಕ್ಕಲುಮಕ್ಕಳ ಸ್ಥಿತಿಯನ್ನು ನೋಡಬೇಕು. 2015-16ರ ಕೃಷಿಗಣತಿಯಂತೆ ಭಾರತದಲ್ಲಿ 100 ಹಿಡುವಳಿಗಳಲ್ಲಿ 86 ಹಿಡುವಳಿಗಳು 2 ಹೆಕ್ಟೇರಿಗಿಂತ, ಅಂದರೆ ಸುಮಾರು 5 ಎಕರೆಗಿಂತ ಕಡಿಮೆಯಾದವು. ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿಯು 1.36 ಹೆಕ್ಟೇರು ಮಾತ್ರ. ಆದುದರಿಂದ ಸಣ್ಣ ಹಿಡುವಳಿದಾರನೇ ದೇಶದ ಸಾಮಾನ್ಯ ರೈತನು. ಅವನನ್ನು ಬಿಟ್ಟು ಮಾಡಿದ ಸಾಧನವು ಒಕ್ಕಲುತನದ ಸಾಧನವೆನಿಸಲಾರದು.

ಕನ್ನಡನಾಡಿನಲ್ಲಿ ಈ ಕಾರ್ಯವು ಪಹಣಿಯಿಂದ ಆರಂಭವಾಯಿತು. 2000ದ ಸುಮಾರಿಗೆ ಜಾರಿಗೆ ಬಂದ 'ಭೂಮಿ' ಯೋಜನೆಯು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದಕ್ಕೆ ಮುಂಚೆ ಪಹಣಿಯ ಒಂದು ನಕಲಿಗಾಗಿ ರೈತನು ಗ್ರಾಮಲೆಕ್ಕಿಗನ ಹಿಂದೆ ದಿನಗಟ್ಟಲೆ ಅಲೆಯಬೇಕಾಗಿತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆಯುವಂತಾದುದು ಸಾಮಾನ್ಯವಾದ ಉಪಕಾರವಲ್ಲ. ಆ ಕಿಟಕಿಗಳಲ್ಲಿ ಇನ್ನೊಂದು ವಿಶೇಷವಿತ್ತು. ಗುಮಾಸ್ತನ ಎದುರಿಗೆ ಒಂದು ತೆರೆ, ರೈತನ ಕಡೆಗೆ ಮೊಗಮಾಡಿದ ಮತ್ತೊಂದು ತೆರೆ. ತನ್ನ ಭೂಮಿಯ ವಿಷಯದಲ್ಲಿ ಏನು ನಡೆಯುತ್ತಿದೆಯೆಂಬುದನ್ನು ರೈತನು ತನ್ನ ಕಣ್ಣಿನಿಂದಲೇ ಕಾಣಬೇಕೆಂಬುದು ಅದರ ಉದ್ದೇಶ. ಸಾಧನವನ್ನು ರಚಿಸುವವರೆಲ್ಲರೂ ನೆನಪಿನಲ್ಲಿಡತಕ್ಕ ನೀತಿಯಿದು.

ಆದರೂ ಯಂತ್ರವು ಹಳೆಯ ಕಾಗದದಲ್ಲಿ ಇದ್ದುದನ್ನೇ ಹೇಳುವುದಲ್ಲದೆ ಹೊಲದಲ್ಲಿ ಇರುವುದನ್ನು ತಾನಾಗಿ ಅರಿಯದು. ಅಜ್ಜನು ತೀರಿಕೊಂಡು ಎಷ್ಟೋ ವರುಷಗಳಾದರೂ ಖಾತೆಯು ಅವನ ಹೆಸರಿನಲ್ಲೇ ನಿಂತಿರುವ ಮನೆಗಳು ಊರೂರಿಗೂ ಇವೆ. ಮೊಮ್ಮಕ್ಕಳು ಭೂಮಿಯನ್ನು ಹಂಚಿಕೊಂಡು ಉಳುತ್ತಿರುವರು. ಪಹಣಿಯಲ್ಲಿ ಅವರು ಇಲ್ಲವೇ ಇಲ್ಲ. ಕಳೆ ತೆಗೆಯುವವಳು, ಹತ್ತಿ ಬಿಡಿಸುವವಳು, ಬೀಜವನ್ನು ಕಾದಿಡುವವಳು ಹೆಣ್ಣುಮಗಳು. ಆದರೆ ಹೆಂಗಸರು ನಡೆಸುವವೆಂದು ಆ ಗಣತಿಯಲ್ಲಿ ಬರೆದ ಹಿಡುವಳಿಗಳು ದೇಶದಲ್ಲಿ 100ಕ್ಕೆ ಸುಮಾರು 14 ಮಾತ್ರ. ಇನ್ನು ಲಾವಣಿಗೆ ಹೊಲ ಮಾಡುವವನ ಗತಿಯೇನು? 1974ರ ಭೂಸುಧಾರಣಾ ತಿದ್ದುಪಡಿಯು ಗೇಣಿಪದ್ಧತಿಯನ್ನು ಬಹುಮಟ್ಟಿಗೆ ನಿಷೇಧಿಸಿ ಅಸಂಖ್ಯ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅದು ಮಹತ್ತಾದ ಕಾರ್ಯ. ಆದರೆ ಆಮೇಲೆ ಲಾವಣಿಯೂ ಕೋರೂ ಬಾಯಿಮಾತಿನಲ್ಲಿಯೇ ಮುಂದುವರಿದುದರಿಂದ ಅವುಗಳಿಗೆ ಕಾಗದದ ಆಧಾರವಿಲ್ಲದೆ ಹೋಯಿತು.

ಇದರ ಫಲವು ಕಷ್ಟಕಾಲದಲ್ಲಿ ಕಾಣುವುದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟುವು. ಪರಿಹಾರದ ಹಣವು 'ಫ್ರೂಟ್ಸ್' ಎಂಬ ರೈತನೋಂದಣಿಯ ಆಧಾರದಿಂದ ನೇರವಾಗಿ ಬ್ಯಾಂಕಿನ ಖಾತೆಗೆ ಸೇರಿತು. ನಡುವೆ ಕೈಚಾಚುವವರಿಗೆ ಅವಕಾಶವಿಲ್ಲದಿದ್ದುದು ಒಳ್ಳೆಯದೇ. ಆದರೆ ಆ ನೋಂದಣಿಯು ಪಹಣಿಗೆ ಕಟ್ಟಿದುದು. ಸಾಲಮಾಡಿ ಬಿತ್ತಿ, ಒಣಗಿದ ಪೈರನ್ನು ನೋಡುತ್ತ ನಿಂತವನು ಲಾವಣಿಯವನು. ಪರಿಹಾರಕ್ಕೆ ಹೆಸರುಳ್ಳವನು ಭೂಮಿಯ ಒಡೆಯನು. 2019ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ವರುಷದ 6000 ರೂಪಾಯಿಯೂ ಭೂಮಿಯುಳ್ಳ ಕುಟುಂಬಕ್ಕೇ ಸಲ್ಲುವುದು. ಯಂತ್ರವು ಇಲ್ಲಿ ಮೋಸಮಾಡಲಿಲ್ಲ. ಹಳೆಯ ಅಸಮತೆಯನ್ನು ಹೊಸ ವೇಗದಿಂದ ನಡೆಸಿತು.

ಹೆಸರಿದ್ದವರಿಗೂ ಬಾಗಿಲು ಸಲೀಸಾಗಿ ತೆರೆಯುವುದೆಂದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು 100ಕ್ಕೆ 54 ಮಂದಿ ಮಾತ್ರ. ತಂದೆಯ ಹೆಸರಿನ ಗುಪ್ತಸಂಖ್ಯೆಯು ಬೆಂಗಳೂರಿನಲ್ಲಿ ದುಡಿಯುವ ಮಗನ ಫೋನಿಗೆ ಬಂದರೆ, ಕಚೇರಿಯ ಮುಂದೆ ನಿಂತ ಮುದುಕನು ಮಾಡುವುದೇನು? ಬೆರಳನ್ನೊತ್ತೆಂದರೆ, ಗುದ್ದಲಿ ಕುಡುಗೋಲು ಹಿಡಿದು ಸವೆದ ಬೆರಳಿನ ಗೆರೆಯನ್ನು ಯಂತ್ರವು ಗುರುತಿಸದು. ದುಡಿದುದೇ ಅವನ ಅಪರಾಧವಾದಂತಾಯಿತು! ಕಿಸಾನ್ ನಿಧಿಯಲ್ಲಿ 2023ರಿಂದ ಮುಖವನ್ನು ನೋಡಿ ಗುರುತಿಸುವ ಏರ್ಪಾಡು ಬಂದುದು ಈ ತೊಡಕನ್ನು ಸ್ವಲ್ಪ ಕಡಿಮೆಮಾಡಿದೆ.

ಹಾಗಾದರೆ ದಾರಿಯೇನು? ದಾರಿಯನ್ನು ಕಂಡವರೂ ಉಂಟು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಎಂಬ ಸಂಖ್ಯೆಯಿಂದ ಸಾಧಾರಣ ಫೋನಿನಲ್ಲಿಯೂ ಖರ್ಚಿಲ್ಲದೆ ಕರೆಮಾಡಿ, ಕನ್ನಡದಲ್ಲಿಯೇ ಕೇಳಿ ಉತ್ತರವನ್ನು ಪಡೆಯಬಹುದು. ಅಕ್ಷರ ಬಾರದವನಿಗೂ ಮಾತು ಬರುತ್ತದೆ. ಶಾಸ್ತ್ರವು ಜನದ ಮಾತಿಗೆ ಇಳಿದು ಬರಬೇಕೆಂಬುದನ್ನು ಶರಣರ ನಾಡಿಗೆ ಬೇರೆಯವರು ಕಲಿಸಬೇಕಾದುದಿಲ್ಲ. 2006ರಲ್ಲಿ ಬೆಂಗಳೂರಿನಲ್ಲಿ ಮೊಳೆತ 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗವು ಪಂಡಿತರ ಉಪದೇಶದ ಬದಲಾಗಿ ಸುತ್ತಮುತ್ತಣ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸುವ ಚಿತ್ರಗಳನ್ನು ತೆಗೆಯಿತು. ಊರವರನ್ನು ಕೂಡಿಸಿ, ಊರಿನವನೊಬ್ಬನು ನಡುನಡುವೆ ಚಿತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತ, ಸಂಶಯ ಪರಿಹರಿಸುತ್ತ ತೋರಿಸುವನು. ತನ್ನಂಥವನೇ ಮಾಡಿದುದನ್ನು ಕಂಡಾಗ ರೈತನಿಗೆ ನಂಬಿಕೆ ಹುಟ್ಟುವುದು ಸಹಜ. ಕರ್ನಾಟಕದಲ್ಲಿ 2020ರಿಂದ ರೈತನೇ ತನ್ನ ಬೆಳೆಯ ಚಿತ್ರವನ್ನು ತೆಗೆದು ಸಮೀಕ್ಷೆಗೆ ಕಳುಹಿಸಬಹುದಾಗಿದೆ. ಆಗದವನಿಗೆ ಊರಿನ ಯುವಕನೊಬ್ಬನು ನೆರವಾಗುವ ಏರ್ಪಾಡೂ ಇದೆ. ಈ ಮೂರರಲ್ಲಿಯೂ ಯಂತ್ರದ ಪಕ್ಕದಲ್ಲಿ ಮನುಷ್ಯನೊಬ್ಬನಿರುವುದನ್ನು ಗಮನಿಸಬೇಕು.

ಆದಕಾರಣ ಸಾಧನದ ಯೋಗ್ಯತೆಯನ್ನು ನಗರದ ಪ್ರದರ್ಶನದಲ್ಲಿ ಅಳೆಯಕೂಡದು. ಕಟ್ಟಕಡೆಯ ಒಕ್ಕಲುಮಗನ ಹೊಲದ ಬದುವಿನ ಮೇಲೆ ಅಳೆಯತಕ್ಕದ್ದು. ಉಳುವವನ ಹೆಸರು, ಅವನು ಲಾವಣಿಯವನಾಗಲಿ ಹೆಂಗಸಾಗಲಿ, ಒಡೆತನಕ್ಕೆ ಧಕ್ಕೆಯಾಗದಂತೆ ಲೆಕ್ಕದಲ್ಲಿ ಸೇರಬೇಕು. ಓದಲಾರದವನಿಗೆ ಮಾತಿನಲ್ಲಿ, ಅವನ ಸೀಮೆಯ ಕನ್ನಡದಲ್ಲಿಯೇ ಉತ್ತರವು ದೊರೆಯಬೇಕು. ಯಂತ್ರವು ಸೋತಲ್ಲಿ ಕೇಳುವುದಕ್ಕೊಬ್ಬ ಅಧಿಕಾರಿಯು, ಕೈಯಲ್ಲಿ ಹಿಡಿಯುವುದಕ್ಕೊಂದು ಕಾಗದವು ಇರಬೇಕು.

ಭಕ್ತಜನರು ಸರಕಾರದ ದಾರಿಯನ್ನು ನೋಡುತ್ತ ಕೂಡಬೇಕಾದುದಿಲ್ಲ. ಓದಿದ ಮಗನು ವಾರಕ್ಕೊಂದು ಸಂಜೆ ನೆರೆಮನೆಯ ಹಿರಿಯರಿಗೆ ಪಹಣಿಯನ್ನು ಓದಿ ಹೇಳಲಿ. ಪೌತಿ ಖಾತೆಯ ಅರ್ಜಿಯನ್ನು ಬರೆದುಕೊಡಲಿ. ಗುಪ್ತಸಂಖ್ಯೆಯನ್ನು ಪರರಿಗೆ ಹೇಳಬಾರದೆಂದು ಎಚ್ಚರಿಸಲಿ. ಹೊಲವನ್ನು ಲಾವಣಿಗೆ ಕೊಟ್ಟ ಒಡೆಯನು ಬರದ ಪರಿಹಾರ ಬಂದಾಗ ಬಿತ್ತಿದವನ ಪಾಲನ್ನು ಅವನಿಗೆ ಮುಟ್ಟಿಸಲಿ. ಇದಕ್ಕೆ ಕಾಯಿದೆ ಬೇಡ, ಯಂತ್ರವೂ ಬೇಡ, ನ್ಯಾಯಬುದ್ಧಿಯೊಂದೇ ಸಾಕು. ಅಂಥ ಬುದ್ಧಿಯು ಸರ್ವರಲ್ಲಿಯೂ ನೆಲಸಲೆಂದು ಹಾರೈಸಿ ಈ ಉಪನ್ಯಾಸವನ್ನು ಮುಗಿಸಲಾಗುತ್ತದೆ.