ಸೋತ ಕೈಗೆ ಕೆಲಸ

1953ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಮಣಿಪಾಲದ ಬೋಳುಗುಡ್ಡ ಉಡುಪಿಯ ಸೀಮೆಗೆ ಆಸರೆಯಾಯಿತು. ಪಾರ್ಶ್ವವಾಯು ಬಡಿದವರ ಜೀವವನ್ನು ಆಸ್ಪತ್ರೆ ಉಳಿಸಬಲ್ಲುದು. ಆದರೆ ಸೋತ ಕೈಗೆ ಮರಳಿ ಕೆಲಸ ಕಲಿಸಬೇಕಾದುದು ಕಾಪುವಿನ, ಕಾರ್ಕಳದ ಮನೆಗಳಲ್ಲಿ.

ಮಿದುಳಿನ ಸತ್ತ ಭಾಗ ಚಿಗುರದು. ಉಳಿದ ಭಾಗಗಳು ಅದರ ಕೆಲಸವನ್ನು ಒಂದಿಷ್ಟು ಕಲಿಯಬಲ್ಲವು. ಅದಕ್ಕೆ ಬೇಕಾದುದು ನಿತ್ಯದ ಅಭ್ಯಾಸ. ಮೊದಲ ತಿಂಗಳುಗಳೇ ಅದಕ್ಕೆ ಸಕಾಲ. ಆಗಲೇ ನಮ್ಮ ಪ್ರೀತಿ ಅಡ್ಡಬರುತ್ತದೆ: ಅಂಗಿಯ ಗುಂಡಿಯನ್ನು ನಾವೇ ಹಾಕುತ್ತೇವೆ, ಗಂಜಿಯನ್ನು ನಾವೇ ಉಣಿಸುತ್ತೇವೆ.

ನಾನು ಕೇಳಿಕೊಳ್ಳುವುದಿಷ್ಟೆ: ನುಂಗಲು ತೊಡಕಿಲ್ಲವೆಂದು ವೈದ್ಯರು ಹೇಳಿದ ಮೇಲೆ ಚಮಚವನ್ನು ಅವರ ಕೈಗೇ ಕೊಡಿ. ಸೋತ ತೋಳನ್ನು ಹಿಡಿದೆಳೆಯಬೇಡಿ. ಶಂಕರಪುರದ ಸುತ್ತ ಮಲ್ಲಿಗೆ ಕಟ್ಟಿ ಬದುಕಿದ ಬೆರಳುಗಳಿಗೆ ರಬ್ಬರ್ ಚೆಂಡಿಗಿಂತ ಬಾಳೆನಾರು ಆಪ್ತವಾದೀತು. ಒಂದು ಗಂಟು ಬೀಳಲು ಎಷ್ಟು ಹೊತ್ತಾದರೂ ಪಕ್ಕದಲ್ಲಿ ಕುಳಿತಿರಿ. ನಾರನ್ನು ಮಾತ್ರ ಕಸಿದುಕೊಳ್ಳಬೇಡಿ.